ಹತ್ತರಲ್ಲಿ ಇಲ್ಲದ ಆಲ್ಬಂ

ಗಣಿ ಆಸ್ಪತ್ರೆ
ಡಿಸೆಂಬರ್ 27

ಅಕ್ಕ,

ಮೊದಲು ಎದ್ದು ಹೋಗಿ ನಿನ್ನ ಗಂಡನ ಕಿವಿ ಹಿಂಡಿ ಬಾ. ಆಮೇಲೆ ಕೂತು ಈ ಪತ್ರ ಓದು.

ನಿನ್ನೆ ಅಂಚೆ ಜೀಪು ಬಂತು. ವಾರಪತ್ರಿಕೆ ಕೈಗೆ ಸಿಕ್ಕಿದ್ದೇ ತಡ, ಔಷಧಿ ಕೋಣೆಯಲ್ಲಿ ನಿಂತಲ್ಲೇ ಭಾವನ ಪುಟ ತೆಗೆದೆ. ‘ವರ್ಷದ ಹತ್ತು ಉತ್ತಮ ಆಲ್ಬಂಗಳು.’ ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಮೂಗಿನಲ್ಲಿ ಹಾಡುವ ಆ ಪುಣ್ಯಾತ್ಮನಿಗೆ ಹತ್ತನೇ ಜಾಗ ಸಿಕ್ಕಿದೆ, ನನ್ನ ಗುಬ್ಬಿಗೆ ಇಲ್ಲ! ಸಾಲದು ಅಂತ ಪಟ್ಟಿಯ ಕೆಳಗೆ ಒಂದು ಸಾಲು ಬೇರೆ: “‘ಮಂಜುಗನ್ನಡಿ’ಯಲ್ಲಿ ಗುಬ್ಬಿ ಹಾಡಿಲ್ಲ, ಹಾಡುವವರ ಹಾಗೆ ನಟಿಸಿದ್ದಾರೆ.”

ವರ್ಷ ವರ್ಷವೂ ಭಾವನಿಗೂ ನನಗೂ ಈ ಪಟ್ಟಿಯ ಜಗಳ ಇದ್ದದ್ದೇ. ಈ ಸಲ ಮಾತ್ರ ನಿಜವಾಗಿ ಉರಿಯಿತು. ಈ ಗುಡ್ಡದ ಮೇಲೆ ಗಾಯಕ್ಕೆ ಪಟ್ಟಿ ಕಟ್ಟಿ, ಧೂಳು ಕೆಮ್ಮುವವರ ಎದೆ ನೀವಿ, ಕೋಣೆಗೆ ಬಂದರೆ ನನಗಿರುವುದು ಗುಬ್ಬಿಯ ದನಿಯೊಂದೇ. ಅವಳ ಅಭಿಮಾನಿಗಳ ಸಂಘ ‘ಗೂಡು’ ಅಂತ ಒಂದಿದೆ, ಹೇಳಿದ್ದೆನಲ್ಲ. ಅಲ್ಲಿಯವರೆಲ್ಲ ಕುದಿಯುತ್ತಿದ್ದಾರೆ.

ನನ್ನ ಪಟ್ಟಿಯನ್ನು ಭಾವನಿಗೆ ತೋರಿಸು: ಒಂದರಿಂದ ಹತ್ತರವರೆಗೂ ‘ಮಂಜುಗನ್ನಡಿ’.

ನಿನ್ನ ಮಗಳಿಗೆ ಕಳಿಸಿದ ಕ್ಯಾಸೆಟ್ ತಲುಪಿತೇ? ಮರಿಯಾದರೂ ಚಿಕ್ಕಮ್ಮನ ಕಡೆ ಇರಲಿ.

ನಿನ್ನ ತಂಗಿ

*

ಮನೆ
ಜನವರಿ 4

ಕುಳ್ಳಿ,

ಕಿವಿ ಹಿಂಡಿದೆ. “ಯಾವ ಕಿವೀಲಿ ಕೇಳಿದ್ರಿ ಆ ಆಲ್ಬಮ್ಮನ್ನ?” ಅಂದೆ. “ಎರಡರಲ್ಲೂ ಕೇಳ್ದೆ ಕಣೆ, ಅದಕ್ಕೇ ಬೇಜಾರು” ಅಂದರು.

ತಮಾಷೆ ಇರಲಿ, ಅವರು ಅದನ್ನು ಹಗುರವಾಗಿ ಬರೆದದ್ದಲ್ಲ. ಗುಬ್ಬಿಯ ಹಳೆಯ ಹಾಡುಗಳೆಂದರೆ ಅವರಿಗೂ ಜೀವ. ಹೊಸ ಕ್ಯಾಸೆಟ್ಟನ್ನು ವಾರಗಟ್ಟಲೆ ಹಾಕಿಕೊಂಡು, ನಡುಮನೆಯಲ್ಲಿ ಶತಪಥ ಹಾಕುತ್ತಾ, ಇಷ್ಟಪಡಲು ಏನೇನೋ ಸರ್ಕಸ್ ಮಾಡಿದರು. ಆಗಲಿಲ್ಲವಂತೆ. ನನಗೆ ಇದರ ತಲೆಬುಡ ತಿಳಿಯುವುದಿಲ್ಲ. ಬೆಳಗಿನಿಂದ ಲ್ಯಾಬಿನಲ್ಲಿ ಕೂತು ಬೊಚ್ಚು ಬಾಯಿಯವರಿಗೆ ಮೇಣದಲ್ಲಿ ಹಲ್ಲು ಜೋಡಿಸಿ ಬರುವ ನನಗೆ, ಮನೆಯಲ್ಲಿ ಸದ್ದಿಲ್ಲದಿದ್ದರೆ ಅದೇ ಸಂಗೀತ.

ಮರಿ ನಿನ್ನ ಕ್ಯಾಸೆಟ್ಟನ್ನು ತೇಯುತ್ತಿದ್ದಾಳೆ. ಮೂರನೇ ತರಗತಿಯ ಪಾಠ ಬಾಯಿಗೆ ಬರುವುದಿಲ್ಲ, ಹಾಡು ಮಾತ್ರ ಪೂರ್ತಿ ಬರುತ್ತದೆ.

ನಮ್ಮ ಫೋನು ಕೆಟ್ಟಿರಬೇಕು. ಎತ್ತಿದರೆ ಆ ಕಡೆ ಯಾರೂ ಮಾತಾಡುವುದಿಲ್ಲ, ಸಣ್ಣಗೆ ಹಾಡು ಕೇಳಿಸುತ್ತದೆ, ಕಟ್ಟಾಗುತ್ತದೆ. ದಿನಾ ಹೀಗೇ. ರಿಪೇರಿಯವರಿಗೆ ಹೇಳಬೇಕು.

ಸ್ವೆಟರ್ ಹಾಕಿಕೋ.

ಅಕ್ಕ

*

ಗಣಿ ಆಸ್ಪತ್ರೆ
ಜನವರಿ 12

ಅಕ್ಕ,

ಭಾವನ “ಎರಡರಲ್ಲೂ ಕೇಳ್ದೆ” ಓದಿ ವಾರ್ಡಿನಲ್ಲೇ ನಕ್ಕೆ. ಕಾಲು ಮುರಿದುಕೊಂಡು ಮಲಗಿರುವ ಮುದುಕರೊಬ್ಬರು “ಏನಮ್ಮಾ, ನನ್ ಕಾಲ್ ನೋಡಿ ನಗ್ತೀಯಾ?” ಅಂತ ಮುನಿಸಿಕೊಂಡರು.

ಗೂಡಿನ ಸುತ್ತೋಲೆಯ ತುಂಬ ಈ ತಿಂಗಳು ಭಾವನದೇ ಜಪ. ಒಬ್ಬರು ಅವರಿಗೆ ಕಿವಿ ತೊಳೆಯುವ ಔಷಧಿ ಸೂಚಿಸಿದ್ದಾರೆ. ಇನ್ನೊಬ್ಬರು ಹತ್ತು ಆಲ್ಬಂಗಳನ್ನೂ ಒಂದೊಂದಾಗಿ ತೂಗಿ, ‘ಮಂಜುಗನ್ನಡಿ’ ಏಕೆ ಮೇಲೆಂದು ಎರಡು ಪುಟ ಬರೆದಿದ್ದಾರೆ. ನಾನೂ ಸುಮ್ಮನಿರಲಾರದೆ ಒಂದು ನಗೆಬರಹ ಕಳಿಸಿದ್ದೆ, ಅಚ್ಚಾಗಿದೆ. ಎಷ್ಟೊಂದು ಜನ ಬಿದ್ದು ಬಿದ್ದು ನಕ್ಕು ನನಗೆ ಕಾಗದ ಹಾಕಿದರು ಗೊತ್ತಾ! ಈ ಗುಡ್ಡಕ್ಕೆ ಬಂದ ಮೇಲೆ ನನ್ನ ಹೆಸರಿಗೆ ಅಷ್ಟು ಅಂಚೆ ಬಂದದ್ದೇ ಇಲ್ಲ.

ಸಂಘದ ಕಾರ್ಯದರ್ಶಿಗಂತೂ ತುಂಬಾ ಹಿಡಿಸಿತಂತೆ. ಅವರದು ತಕ್ಕಡಿ ರಿಪೇರಿ ಅಂಗಡಿ. ಮುತ್ತು ಪೋಣಿಸಿದಂಥ ಅಕ್ಷರ. ನನಗೆ ಜ್ವರ ಬಂದು ಮಲಗಿದ್ದಾಗ ಪ್ರತಿ ಜೀಪಿಗೂ ಅವರ ಕಾಗದ ಇರುತ್ತಿತ್ತು. ಮುಖ ನೋಡಿಲ್ಲ, ಆದರೂ ಮನೆಯವರೇ ಅನ್ನಿಸಿಬಿಟ್ಟಿದ್ದಾರೆ.

ತಂಗಿ

*

ಮನೆ
ಜನವರಿ 20

ಕುಳ್ಳಿ,

ಇದನ್ನು ನಗದೆ ಓದು.

ಫೋನು ಕೆಟ್ಟಿಲ್ಲ. ರಿಪೇರಿಯವನು ಬಂದು ನೋಡಿ, “ಎಲ್ಲ ಸರೀಗಿದೆ ಮೇಡಂ, ಯಾರೋ ಬೇಕಂತ್ಲೇ ಮಾಡ್ತಿದಾರೆ” ಅಂದ. ನನಗೆ ಅದು ಮೊದಲೇ ಗೊತ್ತಿತ್ತು. ಎತ್ತಿದಾಗಲೆಲ್ಲ ಗುಬ್ಬಿಯ ಹಾಡೇ ಬರುತ್ತಿತ್ತು, ನಿನಗೆ ಬರೆಯಲಿಲ್ಲ ಅಷ್ಟೇ.

ಪತ್ರಿಕೆಯ ಕಚೇರಿಗೆ ಚೀಲದ ತುಂಬ ಬೈಗುಳದ ಕಾಗದ ಬರುತ್ತಿದೆ. ಅದು ಅಲ್ಲಿಗೆ ಬರಲಿ, ಬೇಡವೆನ್ನುವುದಿಲ್ಲ. ಆದರೆ ಮೊನ್ನೆ ಬೆಳಿಗ್ಗೆ ನೋಡಿದರೆ ನಮ್ಮ ಗೇಟಿನ ಸರಳುಗಳಿಗೆಲ್ಲ ಕ್ಯಾಸೆಟ್ಟಿನ ಟೇಪು ಸುತ್ತಿದ್ದರು. ಸಿಕ್ಕು ಕೂದಲಿನ ಹಾಗೆ ಗಾಳಿಗೆ ಅಲ್ಲಾಡುತ್ತಿತ್ತು. ಮರಿ ಏಳುವ ಮೊದಲು ಕತ್ತರಿ ತಂದು ಕತ್ತರಿಸಿದೆ. ಮನೆಯ ವಿಳಾಸ ಪತ್ರಿಕೆಯಲ್ಲಿ ಎಂದೂ ಬಂದಿಲ್ಲ. ಇವರಿಗೆ ಗೊತ್ತಾದದ್ದು ಹೇಗೆ?

ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಕೂರುತ್ತಾನೆ. ಬಸ್ಸು ಬಂದರೂ ಹತ್ತುವುದಿಲ್ಲ, ಯಾರೊಂದಿಗೂ ಮಾತಿಲ್ಲ. ಮಡಿಲಲ್ಲಿ ಒಂದು ಬಟ್ಟೆ ಚೀಲ. ಶಾಲೆಯ ವ್ಯಾನು ಬಂದಾಗ ಮಾತ್ರ ಎದ್ದು ನಿಲ್ಲುತ್ತಾನೆ.

ಇವನ ವಿಷಯ ನಿನ್ನ ಭಾವನಿಗೆ ಹೇಳಿಲ್ಲ. ಅವರು ನೇರ ಹೋಗಿ ಜಗಳ ತೆಗೆಯುತ್ತಾರೆ ಅನ್ನುವ ಭಯ. “ಏನಾದ್ರೂ ನಾಲ್ಕು ಒಳ್ಳೆ ಮಾತು ಬರೆದುಬಿಡಿ, ಮುಗಿದೋಗ್ಲಿ” ಅಂತ ಕೇಳಿಕೊಂಡೆ. “ಹಾಡು ಇಷ್ಟ ಆಗ್ಲಿಲ್ಲ ಅಂದಿದ್ದಕ್ಕೆ ಕ್ಷಮೆ ಕೇಳ್ಬೇಕಾ?” ಅಂದರು.

ನಿನ್ನ ಆ ಜನಕ್ಕೆ ಹೇಳು. ನಿನ್ನ ಮಾತು ಕೇಳುತ್ತಾರಲ್ಲ, ಹೇಳು.

ಅಕ್ಕ

*

ಗಣಿ ಆಸ್ಪತ್ರೆ
ಜನವರಿ 29

ಅಕ್ಕ,

ನೀನು ಗೋಡೆಯ ಮೇಲಿನ ಹಲ್ಲಿಗೂ ಹೆದರಿ ಮಂಚ ಹತ್ತುತ್ತಿದ್ದವಳು. ಗೇಟಿಗೆ ಟೇಪು ಸುತ್ತಿದವರು ಯಾರೋ ಪಡ್ಡೆ ಹುಡುಗರಿರಬೇಕು. ಮೆಟ್ಟಿಲ ಮೇಲೆ ಕೂರುವವನಿಗೆ ಕೂರಲು ಬೇರೆ ಜಾಗವಿಲ್ಲವೇನೋ. ಮನೆ ಪತ್ತೆ ಮಾಡುವುದು ಏನು ಮಹಾ ವಿದ್ಯೆ? ಊರಲ್ಲಿ ನಾಲ್ಕು ಜನರನ್ನು ಕೇಳಿದರೆ ಯಾರಾದರೂ ತೋರಿಸುತ್ತಾರೆ.

ನಮ್ಮ ಗೂಡಿನವರನ್ನು ನೀನು ನೋಡಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಬಸ್ ಕಂಡಕ್ಟರ್, ಕಣ್ಣು ಕಾಣದ ಅಜ್ಜಿಯೊಬ್ಬರು. ಇರುವೆ ಕಂಡರೆ ದಾಟಿ ಹೋಗುವ ಜನ.

ಆದರೂ ನಿನ್ನ ಸಮಾಧಾನಕ್ಕೆಂದು ಅಂದೇ ಕಾರ್ಯದರ್ಶಿಗೆ ಬರೆದೆ. ಮುಂದಿನ ಜೀಪಿಗೇ ಉತ್ತರ ಬಂತು. ಅವರ ಮಾತನ್ನೇ ಬರೆಯುತ್ತೇನೆ ಕೇಳು: “ನಿಮ್ಮ ಅಕ್ಕ ನನಗೂ ಅಕ್ಕನೇ. ಅವರು ಹೆದರಬಾರದು. ನಾನೇ ಖುದ್ದಾಗಿ ಹೋಗಿ ಎಲ್ಲವನ್ನೂ ಸರಿ ಮಾಡಿ ಬರುತ್ತೇನೆ.”

ಈಗ ನೆಮ್ಮದಿಯೇ? ಬಂದರೆ ಒಳಗೆ ಕರೆದು ಒಂದು ಲೋಟ ಚಹಾ ಕೊಡು. ಸಂಕೋಚದ ಮನುಷ್ಯ, ತಾವಾಗಿ ಏನೂ ಕೇಳುವುದಿಲ್ಲ.

ತಂಗಿ

*

ಗಣಿ ಆಸ್ಪತ್ರೆ
ಫೆಬ್ರವರಿ 16

ಅಕ್ಕ!

ಭಾವನಿಗೆ ನನ್ನ ಕಡೆಯಿಂದ ಒಂದು ಸಲಾಮು! ಪತ್ರಿಕೆ ಈಗಷ್ಟೇ ನೋಡಿದೆ. ‘ನನ್ನ ಪಟ್ಟಿಗೊಂದು ತಿದ್ದುಪಡಿ.’ ಗುಬ್ಬಿಯ ‘ಮಂಜುಗನ್ನಡಿ’ಯೇ ವರ್ಷದ ಮೊದಲನೇ ಆಲ್ಬಂ, ಅದನ್ನು ಬಿಟ್ಟದ್ದು ನನ್ನ ಕಿವಿಯ ದೋಷ, ಅಭಿಮಾನಿಗಳು ಮನ್ನಿಸಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಔಷಧಿ ಟ್ರೇ ಹಿಡಿದುಕೊಂಡೇ ಕುಣಿದೆ. ಕಾರ್ಯದರ್ಶಿಯವರು ಬಂದು ಕೂತು ಮಾತಾಡಿರಬೇಕು, ಅಲ್ಲವೇ? ನಾನು ಹೇಳಿರಲಿಲ್ಲವೇ, ಮಾತಲ್ಲೇ ಮುಗಿಯುವ ವಿಷಯವೆಂದು?

ಒಂದೇ ಒಂದು ದೂರು. ಭಾವ ಇಷ್ಟುದ್ದ ಬರೆದು ಒಂದು ಕಡೆಯೂ ಕುಟುಕಿಲ್ಲ, ಚಟಾಕಿಯಿಲ್ಲ. ಯಾರೋ ಹೇಳಿ ಬರೆಸಿದ ಹಾಗಿದೆ. ಸೋತದ್ದಕ್ಕೆ ಮುಖ ಊದಿಸಿಕೊಂಡಿದ್ದಾರೆಯೇ?

ನೀನೂ ಮುಖ ಊದಿಸಿಕೊಂಡಿದ್ದೀಯ. ಎರಡು ಜೀಪು ಬಂದು ಹೋದವು, ನಿನ್ನದೊಂದು ಸಾಲಿಲ್ಲ. ಹಲ್ಲಿಯ ಮಾತಿಗೆ ಕೋಪವೇ? ತಪ್ಪಾಯಿತು ಮಹಾರಾಯ್ತಿ, ಬರಿ.

ತಂಗಿ

*

ಮನೆ
ಫೆಬ್ರವರಿ 24

ತಂಗಿಗೆ,

ನಿನ್ನ ಕಾರ್ಯದರ್ಶಿ ಬಂದಿದ್ದ. ಈ ತಿಂಗಳ ಮೊದಲ ಮಂಗಳವಾರ, ಮಧ್ಯಾಹ್ನ. ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಲ್ಯಾಬಿನಿಂದ ಆಗಷ್ಟೇ ಬಂದಿದ್ದೆ, ಉಗುರಿನ ಸಂದಿಯಲ್ಲಿ ಇನ್ನೂ ಪ್ಲಾಸ್ಟರ್ ಇತ್ತು. ಬೆಲ್ಲಾಯಿತು. ಸರಪಳಿ ತೆಗೆಯದೆ ಇಣುಕಿದೆ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. “ಅಕ್ಕಾ, ನಿಮ್ಮ ತಂಗಿ ಕಳಿಸಿದ್ದು. ಗೂಡಿನ ಕಾರ್ಯದರ್ಶಿ” ಅಂದ. ನಿನ್ನ ಕಾಗದ ಹಿಂದಿನ ದಿನವಷ್ಟೇ ತಲುಪಿತ್ತು. ಸರಪಳಿ ತೆಗೆದೆ. ಒಳಗೆ ಕೂರಿಸಿ ಚಹಾಕ್ಕೆ ಇಟ್ಟೆ. ಒಲೆಯ ಮುಂದೆ ನಿಂತಾಗ ಹೊಳೆಯಿತು, ಅವನ ಕೈಯಲ್ಲಿದ್ದ ಬಟ್ಟೆ ಚೀಲ ನಾನು ನೋಡಿದ್ದೇ. ಮೆಟ್ಟಿಲ ಮೇಲೆ ಕೂರುತ್ತಿದ್ದವನು ಇವನೇ.

ಲೋಟ ಹಿಡಿದು ಹೊರಗೆ ಬಂದರೆ ಬಾಗಿಲ ಚಿಲಕ ಹಾಕಿತ್ತು. ಕುರ್ಚಿಯನ್ನು ಬಾಗಿಲಿಗೆ ಒತ್ತಿ ಹಾಕಿಕೊಂಡು ಅವನು ಕೂತಿದ್ದ. “ಗಾಳಿ ಬರ್ತಿತ್ತು, ಹಾಕ್ದೆ” ಅಂದ. ಚೀಲದಿಂದ ಟೇಪ್‌ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟ.

“ಕೂತ್ಕೊಳ್ಳಿ ಅಕ್ಕ. ಗುಬ್ಬಿ ಯಾವ ಹಾಡಲ್ಲಿ ನಟಿಸಿದಾರೆ, ನೀವೇ ತೋರ್ಸಿ.”

“ನನಗೆ ಹಾಡು ಗೊತ್ತಾಗಲ್ಲಪ್ಪ. ಸಂಜೆ ಅವರು ಬರ್ತಾರೆ, ಅವರ ಹತ್ರ ಮಾತಾಡಿ.”

“ಗೊತ್ತಾಗೋವರೆಗೂ ಕೇಳೋಣ” ಅಂದ. ದನಿ ಎತ್ತಲೇ ಇಲ್ಲ.

ಕೇಳಿದೆ. ಒಂದೊಂದು ಹಾಡು ಮುಗಿದಾಗಲೂ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. “ಚೆನ್ನಾಗಿದೆ” ಅಂದರೆ, “ನೀವು ಕೇಳ್ಲಿಲ್ಲ, ಬಾಗಿಲು ನೋಡ್ತಿದ್ರಿ” ಅಂತ ಹಿಂದಕ್ಕೆ ಸುತ್ತಿ ಮತ್ತೆ ಹಾಕುತ್ತಿದ್ದ. ಮೂರನೆಯ ಹಾಡಿಗೆ ಅಳತೊಡಗಿದ. ಕಣ್ಣು ಒರೆಸಿಕೊಳ್ಳಲಿಲ್ಲ, ನನ್ನಿಂದ ದೃಷ್ಟಿ ತೆಗೆಯಲೂ ಇಲ್ಲ. ಬೈಯುವ ಗಂಡಸನ್ನು ಕಂಡಿದ್ದೇನೆ, ಕುಡಿದು ಕೂಗುವವನನ್ನೂ ಕಂಡಿದ್ದೇನೆ. ಹೀಗೆ ಸುಮ್ಮನೆ ಕೂತು ಅಳುತ್ತಾ ನೋಡುವವನನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಫೋನು ಅವನ ಮೊಣಕೈ ಪಕ್ಕದಲ್ಲಿತ್ತು. ಲೋಟ ಹಿಡಿದಲ್ಲೇ ಹಿಡಿದುಕೊಂಡಿದ್ದೆ.

ಕ್ಯಾಸೆಟ್ಟಿನ ಇನ್ನೊಂದು ಬದಿ ಹಾಕಿದ. ಮರಿಯ ವ್ಯಾನು ಬರುವ ಹೊತ್ತು. ಅದಕ್ಕೆ ಮೊದಲು ಮುಗಿದು ತೊಲಗಲಿ ಅಂತ ಆಮೇಲಿನ ಹಾಡುಗಳನ್ನು ಕಿವಿಗೊಟ್ಟು ಕೇಳಿ, ಬಾಯಿಗೆ ಬಂದದ್ದನ್ನೆಲ್ಲ ಹೊಗಳಿದೆ. ವ್ಯಾನಿನ ಹಾರ್ನ್ ಕೇಳಿತು. ನಾನು ಏಳುವುದರೊಳಗೆ ಅವನೇ ಚಿಲಕ ತೆಗೆದಿದ್ದ.

“ಬಾ ಮರಿ” ಅಂದ.

ಮನೆಯಲ್ಲಿ ಕರೆಯುವ ಹೆಸರು! ಅವಳು ಯಾರೋ ಮಾಮ ಅಂದುಕೊಂಡು ಒಳಗೆ ಬಂದಳು. ಚಪ್ಪಲಿ ಬಿಚ್ಚುತ್ತಾ ಹಾಡಿನ ಜೊತೆ ಗುನುಗಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಹಾಡು ಮುಗಿಯುವವರೆಗೂ ತೆಗೆಯಲಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ.

“ನೋಡಿ, ಮಗೂಗೆ ಗೊತ್ತಾಯ್ತು” ಅಂದ. “ಅಪ್ಪಂಗೆ ನೀನೇ ಹೇಳ್ಬೇಕು ಪುಟ್ಟಾ, ಆಯ್ತಾ?”

ಆಮೇಲೆ ತಣ್ಣಗಾದ ಚಹಾ ಕುಡಿದು, ಲೋಟ ತಾನೇ ತೊಳೆದು ಬೋರಲು ಹಾಕಿದ. ಹೊಸ್ತಿಲಲ್ಲಿ ನಿಂತು ನಕ್ಕ. “ಹಳದಿ ಬಾಗಿಲು, ಮುಚ್ಚಿದ ಬಾವಿ ಕಟ್ಟೆ, ವ್ಯಾನು ನಿಲ್ಲೋ ತಿರುವು, ಮರಿ. ನಿಮ್ಮ ತಂಗಿ ಬರೆದಿದ್ರಲ್ಲಿ ಒಂದೂ ತಪ್ಪಿಲ್ಲ. ಎಷ್ಟು ತಮಾಷೆಯಾಗಿ ಬರೀತಾರೆ!”

ಪೊಲೀಸರ ಹತ್ತಿರ ಹೋದೆವು. “ಹೊಡೆದನಾ? ಇಲ್ಲ. ಕದ್ದನಾ? ಇಲ್ಲ. ಹಾಡು ಕೇಳಿಸಿ, ಲೋಟ ತೊಳೆದು ಹೋದ, ಅಷ್ಟೇ ತಾನೆ?” ಅಂತ ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಿನ್ನ ಭಾವ ಬೂಟು ಕೂಡ ಬಿಚ್ಚದೆ ಮನೆಯಲ್ಲಿ ಮೇಜಿನ ಮುಂದೆ ಕೂತರು. ಹಾಳೆ ತೆಗೆದುಕೊಂಡು ಬರೆದರು. ನೀನು ಕುಣಿದದ್ದು ಆ ಬರಹಕ್ಕೆ.

ವಿಳಾಸ ಕೊಟ್ಟೆ, ಹೋಗಲಿ. ನಗಿಸಲು ನಿನಗೆ ಮರಿಯ ಹೆಸರೂ ಬೇಕಾಯಿತೇ?

*

ಗಣಿ ಆಸ್ಪತ್ರೆ
ಮಾರ್ಚ್ 4

ಅಕ್ಕ,

ಬೇಕಾಯಿತು. ಅದೇ ನಿಜ.

ಗೂಡಿನಲ್ಲಿ ನಾನು ಯಾರೂ ಅಲ್ಲ. ಗುಬ್ಬಿಯ ಸಂಗೀತ ಕಛೇರಿಗೆ ಹೋದವರು, ಅವಳ ಸಹಿ ಪಡೆದವರು, ಕೈ ಕುಲುಕಿದವರು ಎಲ್ಲ ಇದ್ದಾರೆ. ನಾನು ಗುಡ್ಡದ ಮೇಲಿನ ನರ್ಸು. ಆ ವಿಮರ್ಶಕರು ನನ್ನ ಭಾವ, ಅವರ ಮನೆಯಲ್ಲಿ ನಾನು ಉಂಡು ಮಲಗಿದವಳು ಅಂತ ಬರೆದ ತಿಂಗಳು ಎಲ್ಲರೂ ನನ್ನನ್ನು ಕೇಳಿಕೊಂಡು ಬಂದರು. ಅವರ ಮಗಳೇ ಅಪ್ಪನ ವಿರುದ್ಧ ‘ಮಂಜುಗನ್ನಡಿ’ ಹಾಡುತ್ತಾಳೆ ಅನ್ನುವುದು ನನ್ನ ದೊಡ್ಡ ನಗೆಚಟಾಕಿ. ನೀನು ಗೇಟಿನ ವಿಷಯ ಬರೆದಾಗಲೇ ನನಗೆ ಗೊತ್ತಾಗಿತ್ತು. ನಾನೇ ಕಾರಣ ಎಂದು ಒಪ್ಪಬೇಕಾಗುತ್ತದೆಂದು ನಿನ್ನನ್ನು ಹೆದರುಪುಕ್ಕಲಿ ಮಾಡಿದೆ.

ಗೂಡಿನಿಂದ ನನ್ನ ಹೆಸರು ತೆಗೆಯಿರಿ, ನನ್ನ ಮನೆಯವರ ತಂಟೆಗೆ ಬಂದರೆ ಸುಮ್ಮನಿರುವುದಿಲ್ಲ ಎಂದು ಅವನಿಗೆ ಬರೆದಿದ್ದೇನೆ.

ರಜೆ ಹಾಕಿ ಬರಲೇ? ಮರಿಯನ್ನು ನೋಡಬೇಕು.

*

ಮನೆ
ಮಾರ್ಚ್ 13

ಕುಳ್ಳಿ,

ಬರಬೇಡ. ಕೋಪಕ್ಕಲ್ಲ. ಕೋಪ ಇದೆ, ಆದರೆ ಅದಕ್ಕಲ್ಲ. ಬಾಗಿಲು ತಟ್ಟಿದ ಸದ್ದಿಗೆ ನಾವು ಮೂವರೂ ನಿಂತಲ್ಲೇ ನಿಲ್ಲುತ್ತೇವೆ. ಇನ್ನು ಯಾರು ಬಂದರೂ ತಡೆಯುವ ಶಕ್ತಿಯಿಲ್ಲ.

ಹಳದಿ ಬಾಗಿಲಿಗೆ ಬೂದು ಬಣ್ಣ ಹೊಡೆಸಿದೆವು. ಮರಿಯನ್ನು ನಾನೇ ಶಾಲೆಗೆ ಬಿಟ್ಟು ಕರೆತರುತ್ತೇನೆ. ಮೊನ್ನೆ ಸ್ನಾನ ಮಾಡುತ್ತಾ ಆ ಹಾಡು ಹಾಡಿದಳು. “ಬಾಯ್ಮುಚ್ಚು!” ಅಂತ ಕಿರುಚಿದೆ. ಹುಟ್ಟಿದಾಗಿನಿಂದ ಅವಳಿಗೆ ಆ ಮಾತು ಅಂದಿರಲಿಲ್ಲ. ಈಗ ಅವಳು ಯಾವ ಹಾಡನ್ನೂ ಹಾಡುತ್ತಿಲ್ಲ. ನಿನ್ನ ಭಾವ ಪತ್ರಿಕೆಗೆ ಇನ್ನು ಸಂಗೀತದ ಪುಟ ಬೇಡವೆಂದರು. ಈಗ ಹವಾಮಾನ, ರೈಲಿನ ವೇಳೆ ತಿದ್ದುತ್ತಾರೆ. “ಮಳೆ ಬಂತು ಅಂದ್ರೆ ಯಾರೂ ಬೈಯಲ್ಲ” ಅಂದರು. ನಗಿಸಲೆಂದು ಅಂದದ್ದು. ಯಾರೂ ನಗಲಿಲ್ಲ.

ಒಂದು ಮಾತು. ಬಲವಂತಕ್ಕಾದರೂ ಆ ಆಲ್ಬಂ ಪೂರ್ತಿ ಕೇಳಿದೆನಲ್ಲ, ಈಗ ಅದರ ಒಂದೊಂದು ಉಸಿರೂ ನನಗೆ ಬಾಯಿಪಾಠ. ಮೂರನೇ ಹಾಡು ನಿಜಕ್ಕೂ ಚೆನ್ನಾಗಿದೆ. ಉಳಿದವುಗಳಲ್ಲಿ ಗುಬ್ಬಿ ಅಳುವ ಹಾಗೆ ನಟಿಸುತ್ತಾರೆ, ಅಳುವುದಿಲ್ಲ. ನಿನ್ನ ಭಾವ ಮೊದಲು ಬರೆದದ್ದೇ ಸರಿ. ಈ ಸಾಲು ಬರೆಯುವ ಮುಂಚೆ ಎದ್ದು ಹೋಗಿ ಕಿಟಕಿ ಹಾಕಿ ಬಂದೆ.

ಅಕ್ಕ

*

ಗಣಿ ಆಸ್ಪತ್ರೆ
ಮಾರ್ಚ್ 22

ಅಕ್ಕ,

ಅವನು ಇಲ್ಲಿದ್ದಾನೆ.

ಹೋದ ಜೀಪಿಗೆ ಅವನ ಕಾಗದ ಬಂದಿತ್ತು: “ಗೂಡು ಬಿಟ್ಟು ಹೋಗುವವರಲ್ಲ ನೀವು. ಯಾರೋ ನಿಮ್ಮ ತಲೆ ಕೆಡಿಸಿದ್ದಾರೆ. ಬಂದು ಮಾತಾಡುತ್ತೇನೆ.” ಇಂದಿನ ಜೀಪಿನಲ್ಲಿ ಅವನೇ ಇಳಿದ. ನನಗೆ ಗೊತ್ತಾದದ್ದು ಹೊರರೋಗಿಗಳ ಹೆಸರು ಕೂಗುವಾಗ. ಬೆಂಚಿನ ತುದಿಯಲ್ಲಿ, ಕೆಮ್ಮುವವರ ನಡುವೆ, ಇಸ್ತ್ರಿ ಅಂಗಿ, ಮಡಿಲಲ್ಲಿ ಬಟ್ಟೆ ಚೀಲ. ನೀನು ಬರೆದಿರದಿದ್ದರೆ ನಗುತ್ತಾ ಹೋಗಿ ಮಾತಾಡಿಸಿಬಿಡುತ್ತಿದ್ದೆ.

“ಏನು ತೊಂದರೆ?” ಅಂದೆ.

“ನನಗೇನಿಲ್ಲ. ನೀವು ಕೆಲ್ಸ ಮುಗಿಸ್ಕೊಳ್ಳಿ, ಕೋಣೆಗೆ ಬರ್ತೀನಿ. ಪೂರ್ತಿ ಆಲ್ಬಂ ಜೊತೇಲಿ ಕೇಳೋಣ.”

ಕಾರ್ಮಿಕರ ವಸತಿಯಲ್ಲಿ ಕೋಣೆ ಹಿಡಿದಿದ್ದಾನಂತೆ. ವೈದ್ಯರಿಗೆ ಹೇಳಿದೆ. “ಅಭಿಮಾನಿನಾ? ಪಾಪ, ಇಷ್ಟು ದೂರ ಬಂದಿದಾನೆ, ಮಾತಾಡ್ಸಿ ಕಳ್ಸಿ” ಅಂದರು. ಫೋನಿರುವುದು ಮ್ಯಾನೇಜರರ ಕೋಣೆಯಲ್ಲಿ, ಅವರು ರಜೆ, ಕೋಣೆಗೆ ಬೀಗ. ನಾನು ನನ್ನ ಕೋಣೆಗೆ ಹೋಗಿಲ್ಲ, ಹೆಂಗಸರ ವಾರ್ಡಿನಲ್ಲಿ ಖಾಲಿ ಮಂಚವೊಂದರ ಮೇಲೆ ಕೂತು ಬರೆಯುತ್ತಿದ್ದೇನೆ. ಆಯಾ ಬಾಗಿಲ ಬಳಿ ಇದ್ದಾಳೆ.

ಈಗಲೇ ಜೀಪು ಹತ್ತಿ ಬರಬಹುದಿತ್ತು. ಅವನು ಜೀಪಿನ ಪಕ್ಕದಲ್ಲೇ ನಿಂತಿದ್ದಾನೆ. ಇದನ್ನು ಚಾಲಕನ ಕೈಗೆ ಆಯಾಳಿಂದ ಕೊಡಿಸುತ್ತಿದ್ದೇನೆ, ಊರು ತಲುಪಿದ್ದೇ ನಿನಗೆ ಮುಟ್ಟಿಸುತ್ತೇನೆಂದಿದ್ದಾನೆ.

ಕೇಳುವ ಮುಖವಿಲ್ಲ ನನಗೆ. ಆದರೂ ಅಕ್ಕ, ಭಯವಾಗುತ್ತಿದೆ.

*

ಮನೆ
ಮಾರ್ಚ್ 23

ಕುಳ್ಳಿ,

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಭಾವ ತರುತ್ತಿದ್ದಾರೆ, ಅವರು ಬಾಗಿಲಿಗೆ ಬರುವ ಮೊದಲೇ ಜೀಪಿನವನು ಇದನ್ನು ಆಯಾಳ ಕೈಗೆ ಮುಟ್ಟಿಸುತ್ತಾನೆ.

ಜೀಪಿನವನು ಬೆಳಿಗ್ಗೆ ಬಂದು, ನೀನು ಹಿಂದೊಮ್ಮೆ ಹೇಳಿದ್ದ ಹಳದಿ ಬಾಗಿಲು ಕಾಣದೆ ಮನೆ ಇದಲ್ಲವೆಂದು ವಾಪಸು ಹೊರಟಿದ್ದ. ಮರಿ ಕಿಟಕಿಯಿಂದ ಕೂಗಿದ್ದಕ್ಕೆ ನಿಂತ. ನಿನ್ನ ಭಾವ ನಿಂತಲ್ಲೇ ಓದಿದರು, ಬೂಟು ಹಾಕಿಕೊಂಡರು, “ಜೀಪು ಈಗ್ಲೇ ಹಿಂದಕ್ಕೆ ಹೋಗತ್ತಾ?” ಅಂತ ಕೇಳಿದರು. ಅವನು ವಾರಕ್ಕೊಮ್ಮೆ ಹೋಗುವವನು. ಅವನ ಕೈ ಹಿಡಿದುಕೊಂಡು ಏನು ಹೇಳಿದರೋ, ಒಪ್ಪಿದ. ಅವರಿಗೂ ಭಯವೇ. ಅಂಗಿಯ ಗುಂಡಿ ಹಾಕಲು ಬೆರಳು ಬರದೆ ನಾನು ಹಾಕಿಕೊಟ್ಟೆ. “ನಾನೂ ಬರ್ಲಾ?” ಅಂದೆ. “ಮರಿ ಹತ್ರ ನೀನಿರು” ಅಂದರು. ಜೀಪು ಕಾಯುತ್ತಿರುವಾಗ ಇದನ್ನು ಬರೆಯುತ್ತಿದ್ದೇನೆ.

ನೀನು ವಾರ್ಡಿನಲ್ಲೇ ಇರು, ಆಯಾಳನ್ನು ಬಿಟ್ಟು ಕದಲಬೇಡ. ಭಾವ ಬಾಗಿಲು ತಟ್ಟಿ “ಕುಳ್ಳಿ” ಅನ್ನುತ್ತಾರೆ. ಆ ಹೆಸರನ್ನು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ ತಾನೆ? ಬರೆದಿದ್ದರೆ, ದನಿ ಗುರುತು ಸಿಗುವವರೆಗೂ ತೆಗೆಯಬೇಡ. ಅವನು ಏನಾದರೂ ಕೇಳಿದರೆ ಗುಬ್ಬಿಯೇ ಮೊದಲು, ‘ಮಂಜುಗನ್ನಡಿ’ಯೇ ಮೊದಲು ಅಂದುಬಿಡಿ ಇಬ್ಬರೂ. ನಿನ್ನ ಭಾವನಿಂದಲೂ ಮಾತು ತೆಗೆದುಕೊಂಡಿದ್ದೇನೆ.

ನೇರ ಇಲ್ಲಿಗೆ ಬಾ. ಬರಬೇಡ ಅಂದದ್ದನ್ನು ಮರೆತುಬಿಡು. ಮರಿಯ ಮಂಚದ ಪಕ್ಕದಲ್ಲಿ ನಿನಗೆ ಹಾಸಿಗೆ ಹಾಸುತ್ತೇನೆ.

ನೀವಿಬ್ಬರೂ ಹಾಡಿನ ಬಗ್ಗೆ ಜಗಳವಾಡುವುದನ್ನು ಕೇಳಬೇಕೆಂದು ತುಂಬಾ ಆಸೆಯಾಗಿದೆ. ದಾರಿಯಲ್ಲಿ ಬೇಡ, ಜೀಪಿನಲ್ಲಿ ಯಾರಿರುತ್ತಾರೋ. ಮನೆಗೆ ಬಂದ ಮೇಲೆ, ಬಾಗಿಲು ಹಾಕಿಕೊಂಡು, ಮೆಲ್ಲಗೆ.

ಅಕ್ಕ